ಮುನಿಕೃಷ್ಣಪ್ಪನವರ ಗಂಟಲು

ದಾಸರಹಳ್ಳಿಯ ಮನೆ ಮಾಲೀಕ ಮುನಿಕೃಷ್ಣಪ್ಪನವರಿಗೆ ಮೆಲ್ಲಗೆ ಮಾತಾಡುವುದೇ ಗೊತ್ತಿಲ್ಲ. ಮಹಡಿಯಿಂದ ‘ಮೋಟ್ರು ಆಫ್ ಮಾಡ್ರೀ’ ಎಂದರೆ ಇಡೀ ಬೀದಿಯ ಮೋಟಾರುಗಳು ನಿಲ್ಲುತ್ತವೆ. ಗುಟ್ಟು ಹೇಳಿದರೆ ಮೆಟ್ರೋ ಸ್ಟೇಷನ್ನಿನಲ್ಲಿ ನಿಂತವರು ತಲೆದೂಗುತ್ತಾರೆ. ಸೀನಿದರೆ ಬಾಡಿಗೆಯವರು ಭೂಕಂಪವೆಂದು ಕೆಳಗಿಳಿದು ಓಡುತ್ತಾರೆ. ಬಾಣಂತನಕ್ಕೆ ಬಂದಿದ್ದ ಮಗಳು ಜ್ಯೋತಿಲಕ್ಷ್ಮಿ, ಕೂಸು ಬೆಚ್ಚುತ್ತದೆಂದು ತಿಂಗಳು ತುಂಬುವ ಮೊದಲೇ ಸರ್ಜಾಪುರದ ಗಂಡನ ಮನೆಗೆ ಹೊರಟುಹೋದಳು. ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿರುವ ಸುಮಂಗಲಾ ಗ್ಯಾಲಕ್ಸಿಗಳ ಸಂಶೋಧಕಿ. ಒಂದು ಸಂಜೆ ಅವಳು, ‘ಗ್ಯಾಲಕ್ಸಿ ನಡುವೆ ಕ್ವೇಸಾರ್ ಅಂತ ಉರೀತಿರುತ್ತೆ ಅಂಕಲ್. ಅದು ಜೋರಾಗಿ ಊದಿದ್ರೆ ಸುತ್ತಲಿನ ಅನಿಲ ಎಲ್ಲಾ ಚದುರಿಹೋಗುತ್ತೆ, ಆಮೇಲೆ ಅಲ್ಲಿ ಹೊಸ ನಕ್ಷತ್ರ ಹುಟ್ಟೋದೇ ಕಷ್ಟ’ ಎಂದಳು. ಮುನಿಕೃಷ್ಣಪ್ಪನವರು ಬಹಳ ಹೊತ್ತು ಸುಮ್ಮನಿದ್ದರು. ಬೀದಿಯವರು ಕರೆಂಟು ಹೋಯಿತೆಂದುಕೊಂಡರು. ಮರುದಿನ ಸರ್ಜಾಪುರಕ್ಕೆ ಹೋಗಿ, ಮಗಳ ಬಾಗಿಲಲ್ಲಿ ನಿಂತು ‘ಜ್ಯೋತಿ’ ಎಂದು ತುಟಿಯಲ್ಲೇ ಕರೆದರು. ಒಳಗೆ ಯಾರಿಗೂ ಕೇಳಿಸಲಿಲ್ಲ. ಬೆಲ್ ಒತ್ತಲೂ ಹೆದರಿ, ಚಪ್ಪಲಿಗಳ ಪಕ್ಕದಲ್ಲಿ ಕುಳಿತರು. ಮಧ್ಯಾಹ್ನ ಒಣಗಿದ ಬಟ್ಟೆ ತೆಗೆಯಲೆಂದು ಕೂಸನ್ನೆತ್ತಿಕೊಂಡು ಹೊರಬಂದ ಮಗಳು, ಅದನ್ನು ಅವರ ತೊಡೆಯ ಮೇಲೆ ಮಲಗಿಸಿ, ‘ಯಾವಾಗ್ ಬಂದೆ ಅಪ್ಪಾ? ಒಂದ್ಸಲ ಕೂಗ್ಬಾರ್ದಿತ್ತಾ?’ ಎಂದಳು.