ಹೆಸರಿನ ನಡುವೆ ಒಂದು ತೆರಪು

‘ಇಲ್ಲಿ ಎಲ್ಲ ಕ್ಷೇಮ’ ಎಂದು ಆರಂಭವಾಗುವ ಕಾಗದವನ್ನು ಎರಡನೆಯ ಸಾಲಿನಿಂದ ಓದುವುದು ನಮ್ಮ ಮನೆಯ ವಾಡಿಕೆಯಾಗಿತ್ತು. ಟಿ. ನಗರದ ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ನನ್ನ ತಂದೆ ಕುಂದಾಪುರದ ಕಡೆಯ ನಮ್ಮ ಮನೆಗೆ ಬರೆಯುತ್ತಿದ್ದ ಪತ್ರಗಳೆಲ್ಲ ಹಾಗೆಯೇ ಶುರುವಾಗುತ್ತಿದ್ದವು. ಬಲಗೈಯ ಮೇಲೆ ಕಾದ ಎಣ್ಣೆ ಬಿದ್ದು, ಎಡಗೈಯಲ್ಲಿ ಬರೆದ ಪತ್ರವೂ ಕ್ಷೇಮದಿಂದಲೇ ಪ್ರಾರಂಭವಾಗಿತ್ತು. ಅಕ್ಷರ ಸೊಟ್ಟಗಿದ್ದುದನ್ನು ಕಂಡ ಅಮ್ಮನಿಗೆ ಮಾತ್ರ ಸಂಶಯ ಬಂದಿತ್ತು. ಇಂಥ ಪರಂಪರೆಯಲ್ಲಿ ಬೆಳೆದವನು, ದಿನವೂ ಬೆಳಿಗ್ಗೆ ‘ಎಲ್ಲವೂ ಕ್ಷೇಮ’ ಎಂದು ಬರುತ್ತಿದ್ದ ಒಂದು ಇ-ಮೇಲನ್ನು ನಂಬಬಾರದಿತ್ತು. ನಂಬಿದೆ. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಆ ಮೇಲನ್ನು ಬರೆದಿದ್ದವನೂ ನಾನೇ.

ನಮ್ಮ ಕಚೇರಿ ಇರುವುದು ನುಂಗಂಬಾಕ್ಕಂನ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ. ಸ್ವಂತ ಸರ್ವರ್ ಇಟ್ಟುಕೊಂಡು ಅದರ ಉಪಚಾರ ಮಾಡುವ ವ್ಯವಧಾನವಿಲ್ಲದ ಸಣ್ಣ ಸಂಸ್ಥೆಗಳ ದಾಖಲೆಗಳನ್ನು ನಮ್ಮ ಸರ್ವರಿನಲ್ಲಿಟ್ಟು ಕಾಯುವುದು ನಮ್ಮ ಕಸುಬು. ಸರ್ವರ್ ಒಂದು, ಅದರೊಳಗಿನ ಡೇಟಾಬೇಸುಗಳು ಹದಿನೆಂಟು: ಕಲ್ಯಾಣ ಮಂಟಪದ್ದೊಂದು, ಪ್ಯಾರೀಸ್ ಕಾರ್ನರಿನ ಕಾಗದದ ಸಗಟು ವ್ಯಾಪಾರಿಯದೊಂದು, ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಕೇಂದ್ರದ್ದೊಂದು, ಹೀಗೆ. ಪ್ರತಿಯೊಂದನ್ನೂ ದಿನಾ ಪರೀಕ್ಷಿಸಿ, ಎಲ್ಲಾದರೂ ಕೆಟ್ಟಿದೆಯೇ ಎಂದು ನೋಡಿ, ಒಳಗಿನ ಸೂಚಿಗಳನ್ನು ಓರಣಗೊಳಿಸಿ, ಒಂದು ಪ್ರತಿ ತೆಗೆದಿಟ್ಟು, ವಾರಕ್ಕಿಂತ ಹಳೆಯ ಪ್ರತಿಗಳನ್ನು ಅಳಿಸಬೇಕು. ಇಷ್ಟನ್ನೂ ಕೈಯಾರೆ, ಒಂದಾದ ಮೇಲೊಂದರಂತೆ, ಹಲವು ವರ್ಷಗಳಿಂದ ಮಾಡಿಕೊಂಡು ಬಂದವರು ವೇದವಲ್ಲಿ. ನಾಲ್ಕು ತಲೆಮಾರಿನಿಂದ ತಿರುವಲ್ಲಿಕ್ಕೇಣಿಯಲ್ಲಿ ನೆಲೆಸಿದ ಮಾಧ್ವ ಮನೆತನದವರು, ನನಗೆ ವೇದಕ್ಕ. ನನ್ನ ಕರಾವಳಿಯ ಕನ್ನಡ ಕೇಳಿ ಅವರು ನಗುವುದೂ, ಅವರ ತಮಿಳುಗನ್ನಡ ಕೇಳಿ ನಾನು ನಗುವುದೂ ನಮ್ಮ ಸ್ನೇಹದ ಅಡಿಪಾಯ.

ವೇದಕ್ಕನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದಾದ ಮೇಲೊಂದು ಶಸ್ತ್ರಚಿಕಿತ್ಸೆಯೆಂದು ಒಂದು ತಿಂಗಳ ರಜೆ ಹಾಕಿ, ಹೊರಡುವ ದಿನ ನನ್ನನ್ನು ಕರೆದು ಹೇಳಿದರು:

“ನರಹರಿ, ಒಂದೊಂದನ್ನೂ ತೆರೆದು ಕಣ್ಣಲ್ಲಿ ನೋಡಪ್ಪಾ. ಕೊಂಚ ಬೇಜಾರಾಗತ್ತೆ, ಪರವಾಯಿಲ್ಲ.”

ಮೂರು ದಿನ ನೋಡಿದೆ. ನಾಲ್ಕನೆಯ ದಿನ ಹನ್ನೆರಡನೆಯದನ್ನು ಮುಗಿಸಿದೆನೋ ಹದಿಮೂರನೆಯದನ್ನೋ ಎಂಬುದು ಮರೆತುಹೋಗಿ ಮತ್ತೆ ಒಂದರಿಂದ ಆರಂಭಿಸಬೇಕಾಯಿತು. ಸೋಮಾರಿಗೆ ಸಿಟ್ಟು ಬಂದರೆ ಅವನು ಉಪಾಯಗಾರನಾಗುತ್ತಾನೆ. ಅಂದು ಮಧ್ಯಾಹ್ನವೇ ಕುಳಿತು ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿ, ಬರೆದೆ. ನಸುಕಿನ ಐದು ಗಂಟೆಗೆ ಅದು ತಾನಾಗಿ ಎದ್ದು, ಸರ್ವರಿನಲ್ಲಿರುವ ಡೇಟಾಬೇಸುಗಳ ಹೆಸರಿನ ಪಟ್ಟಿ ಪಡೆದು, ಒಂದೊಂದಕ್ಕೂ ಆಗಬೇಕಾದ ಸೇವೆಗಳನ್ನೆಲ್ಲ ಸಲ್ಲಿಸಿ, ಕೊನೆಗೆ ಪ್ರತಿಗಳ ಕಪಾಟನ್ನು ಗುಡಿಸಿ, ನನಗೆ ‘ಎಲ್ಲವೂ ಕ್ಷೇಮ’ ಎಂದು ಮೇಲ್ ಕಳಿಸತಕ್ಕದ್ದು. ಯಂತ್ರಕ್ಕೆ ತಂತ್ರ ಕಲಿಸಿ ನಾನು ಸ್ವತಂತ್ರನಾದೆ. ಮೊದಲ ವಾರ ಆ ಮೇಲನ್ನು ತೆರೆದು ಓದಿ ಆನಂದಿಸುತ್ತಿದ್ದೆ. ಎರಡನೆಯ ವಾರ ತೆರೆಯದೆ ಆನಂದಿಸಿದೆ. ಮೂರನೆಯ ವಾರದಲ್ಲಿ ಅದು ಬರುತ್ತಿದೆಯೆಂಬುದೇ ಮರೆತಿತ್ತು.

ಆ ವಾರದ ಕೊನೆಯಲ್ಲಿ ಮಾತು ಕಲಿಸುವ ಕೇಂದ್ರದ ಶಾಂತಿ ಟೀಚರಿಂದ ಫೋನ್ ಬಂತು. ಅವರದು ತಮಿಳು, ಆ ದಿನ ಅಳುವಿನಲ್ಲಿ ತೊಯ್ದ ತಮಿಳು. ಬಿಟ್ಟುಹೋದ ಮಕ್ಕಳ ಹೆಸರುಗಳನ್ನು ತೆಗೆಯಲು ಹೋಗಿ, ಈಗಿರುವ ಮಕ್ಕಳ ಈ ವರ್ಷದ ಟಿಪ್ಪಣಿಗಳನ್ನೆಲ್ಲ ಅಳಿಸಿಬಿಟ್ಟಿದ್ದರು. ಯಾವ ಮಗುವಿಗೆ ಯಾವ ಅಕ್ಷರ ಬಂತು, ಯಾವುದು ಇನ್ನೂ ಬರಬೇಕು ಎಂದು ವಾರವಾರ ಬರೆದಿಟ್ಟ ಟಿಪ್ಪಣಿಗಳವು.

“ತಪ್ಪು ನನ್ನದೇ ಸಾರ್. ನಿಮ್ಮ ಹತ್ತಿರ ಪ್ರತಿ ಇರತ್ತಲ್ವಾ?” ಎಂದರು.

“ಇರುತ್ತೆ ಟೀಚರ್. ಹತ್ತು ನಿಮಿಷ,” ಎಂದೆ, ದಾನಶೂರನ ಗತ್ತಿನಲ್ಲಿ.

ಕಪಾಟು ತೆರೆದು ನೋಡಿದರೆ ಹದಿನೇಳು ಡೇಟಾಬೇಸುಗಳ ಪ್ರತಿಗಳು ಏಳೇಳು ದಿನದವು ಸಾಲಾಗಿ ಕುಳಿತಿದ್ದವು. ಕೇಂದ್ರದ್ದು ಒಂದೂ ಇರಲಿಲ್ಲ. ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಉಳಿದವುಗಳ ಹೆಸರೆಲ್ಲ ಒಂದೊಂದೇ ಪದ. ಕೇಂದ್ರದ ಹೆಸರು ಮಾತ್ರ ಎರಡು ಪದಗಳದ್ದು, ನಡುವೆ ಒಂದು ತೆರಪು. ನನ್ನ ಸ್ಕ್ರಿಪ್ಟ್ ಅದನ್ನು ಎರಡು ಬೇರೆ ಬೇರೆ ಹೆಸರುಗಳೆಂದು ತಿಳಿದು, ಎರಡನ್ನೂ ಹುಡುಕಿ, ಎರಡೂ ಸಿಗದೆ, ಸದ್ದಿಲ್ಲದೆ ಮುಂದೆ ಹೋಗಿತ್ತು. ಹೊಸ ಪ್ರತಿ ಒಂದು ದಿನವೂ ತೆಗೆದಿರಲಿಲ್ಲ. ಆದರೆ ಹಳೆಯದನ್ನು ಅಳಿಸುವಾಗ ಹೆಸರು ಕೇಳುವ ಗೋಜಿಗೇ ಹೋಗಿರಲಿಲ್ಲ. ವಾರ ತುಂಬಿದ್ದನ್ನೆಲ್ಲ ಗುಡಿಸಿ ಹಾಕಿತ್ತು. ಅಷ್ಟಾದ ಮೇಲೂ, ನಾನು ಹೇಳಿಕೊಟ್ಟಿದ್ದಂತೆ, ದಿನವೂ ‘ಎಲ್ಲವೂ ಕ್ಷೇಮ’ ಎಂದು ವಿಧೇಯವಾಗಿ ಬರೆದಿತ್ತು.

ಹತ್ತು ನಿಮಿಷ ಹೋಗಿ ಒಂದು ಗಂಟೆಯಾಯಿತು. ಆ ಒಂದು ಗಂಟೆಯಲ್ಲಿ ನನ್ನ ಮನಸ್ಸು ಮಾಡಿದ ಕೆಲಸವನ್ನು ಬಚ್ಚಿಡುವುದು ಸರಿಯಲ್ಲ. ಟೀಚರ್ ತಪ್ಪು ತಮ್ಮದೆಂದು ನಂಬಿದ್ದಾರೆ. ಪ್ರತಿ ಹೇಗೋ ಕೆಟ್ಟಿದೆ ಎಂದರೆ ಅದನ್ನೂ ನಂಬುತ್ತಾರೆ. ತೆರಪಿನ ವಿಚಾರ ನನ್ನ ಹೊರತು ಯಾರಿಗೂ ತಿಳಿಯದು. ಹೀಗೆಲ್ಲ ಲೆಕ್ಕಾಚಾರ ಹಾಕಿ, ಫೋನ್ ಎತ್ತಿ, “ಸ್ವಲ್ಪ ತೊಂದರೆ ಇದೆ ಟೀಚರ್, ನಾಳೆ ಹೇಳ್ತೇನೆ,” ಎಂದಷ್ಟೇ ಹೇಳಿ ಇಟ್ಟೆ. ಸಂಜೆ ಆಟೋ ಹಿಡಿದು ವೇದಕ್ಕನ ಮನೆಗೆ ಹೋದೆ.

ಅವರು ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕುಳಿತಿದ್ದರು.

“ಅಕ್ಕ, ಒಂದು ತಪ್ಪಾಗಿ ಹೋಯ್ತು,” ಎಂದು ನಡೆದದ್ದನ್ನೆಲ್ಲ ಹೇಳಿದೆ.

“ನಡುವೆ ಜಾಗ ಇರೋ ಹೆಸರು ತಾನೆ ಅದು? ಮೊದಲನೇ ವರ್ಷ ನನಗೂ ಅದು ಪಾಡು ಕೊಟ್ಟಿತ್ತು,” ಎಂದರು. “ನನ್ನ ಮೇಜಿನ ಕೆಳಗಡೆ ಡ್ರಾಯರಲ್ಲಿ ಒಂದು ಡಿಸ್ಕ್ ಇದೆ ನೋಡು. ರಜಾ ಹಾಕೋ ಮುಂಚೆ ಹದಿನೆಂಟನ್ನೂ ಅದರಲ್ಲಿ ಹಾಕಿಟ್ಟು ಬಂದೆ.”

ಹೋದ ಜೀವ ಮುಕ್ಕಾಲು ಪಾಲು ಮರಳಿತು. ಆದರೂ ಸಣ್ಣದೊಂದು ಮುಳ್ಳು ಚುಚ್ಚಿತು.

“ನನ್ನ ಮೇಲೆ ನಂಬಿಕೆ ಇರ್ಲಿಲ್ವಾ ಅಕ್ಕ?”

“ನಿನ್ನ ಮೇಲೆ ಇತ್ತು. ಆಪರೇಷನ್ ಮೇಲೆ ಇರ್ಲಿಲ್ಲ. ಕಣ್ಣೇ ಬರ್ದೆ ಹೋದ್ರೆ ಅಂತ ಮಾಡಿಟ್ಟೆ.” ಹಾಗೆಯೇ ಕೇಳಿದರು: “ಟೀಚರಮ್ಮಂಗೆ ಹೇಳಿದ್ಯಾ, ತಪ್ಪು ನಿಂದೂ ಉಂಟು ಅಂತ?”

‘ಉಂಟು’ ನಮ್ಮೂರ ಕಡೆಯ ಮಾತು, ಬೇಕೆಂದೇ ಬಳಸಿದ್ದರು. ಇಲ್ಲವೆಂದೆ. ಅವರು ಕನ್ನಡಕ ತೆಗೆದು, ಔಷಧದ ಸೀಸೆಯನ್ನು ನನ್ನ ಕೈಗಿತ್ತು, ಮುಖ ಮೇಲೆತ್ತಿದರು.

“ಮೊದಲು ಎರಡು ಹನಿ ಬಿಡು. ಅಪ್ಪುರಂ ನಾಳೆ ಕೇಂದ್ರಕ್ಕೆ ಹೋಗು.”

ಮರುದಿನ ಬೆಳಿಗ್ಗೆ ಡಿಸ್ಕಿನಿಂದ ಕೇಂದ್ರದ ಟಿಪ್ಪಣಿಗಳನ್ನು ಮರಳಿ ಏರಿಸಿದೆ. ವೇದಕ್ಕ ರಜೆ ಹಾಕಿದ ದಿನದವರೆಗಿನದೆಲ್ಲ ಬಂತು. ಆಮೇಲಿನ ಮೂರೂವರೆ ವಾರದ್ದು ಇರಲಿಲ್ಲ. ಕೇಂದ್ರಕ್ಕೆ ಹೋಗಿ, ಶಾಂತಿ ಟೀಚರ ಎದುರು ನಿಂತು, ಅಳಿಸಿದ್ದು ಅವರಾದರೂ ಉಳಿಸಬೇಕಾಗಿದ್ದವನು ನಾನು, ಉಳಿಸಿರಲಿಲ್ಲ ಎಂದು ಹೇಳಿದೆ. 

“ನಿನ್ನೆಯಿಂದ ಅನ್ನ ಸೇರಿಲ್ಲ ಸಾರ್. ಇದನ್ನ ಫೋನಲ್ಲೇ ಹೇಳಬಹುದಿತ್ತು,” ಎಂದರು ಅವರು.

ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ, ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಟ್ಟು, ತಾವು ಹೇಳುತ್ತಾ ಹೋಗುವುದಾಗಿಯೂ ನಾನು ಟೈಪ್ ಮಾಡಬೇಕೆಂದೂ ಹೇಳಿದರು. ಮೂರು ಮಧ್ಯಾಹ್ನ ಹಾಗೆ ಕುಳಿತೆವು. ಇವನಿಗೆ ‘ಕ’ ಎನ್ನಲು ಹೋದರೆ ‘ತ’ ಬರುತ್ತದೆ, ಇವಳು ಈಗ ಉಸಿರು ಹಿಡಿದು ಎರಡಕ್ಷರದ ಪದ ಹೇಳುತ್ತಾಳೆ ಎಂದು ಅವರು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಒಬ್ಬಳೇ ಒಬ್ಬಳ ವಿಷಯದಲ್ಲಿ ಅವರಿಗೆ ಅನುಮಾನ ಬಂತು. ತಾಮರೈ ಎಂಬ ಆರು ವರ್ಷದ ಆ ಹುಡುಗಿಯನ್ನು ತರಗತಿಯಿಂದ ಕರೆತಂದು, ಮೂಗಿನ ಅದುರು ತಿಳಿಯಲೆಂದು ಅವಳ ಅಂಗೈಯನ್ನು ತಮ್ಮ ಮೂಗಿನ ಬದಿಗೆ ಒತ್ತಿಕೊಂಡು, ‘ಮೀನ್’ ಎಂದರು. ಹುಡುಗಿ ಅದೇ ಕೈಯನ್ನು ತನ್ನ ಮೂಗಿಗೆ ಒಯ್ದು, ತುಟಿ ಒತ್ತಿ, ಎಷ್ಟೋ ದೂರದಿಂದ ಎಳೆದು ತಂದಂತೆ ‘ಮೀನ್’ ಎಂದಳು.

“ಹೋದ ತಿಂಗಳು ಇದು ‘ಬೀನ್’ ಆಗಿತ್ತು,” ಎಂದರು ಟೀಚರ್. “ಬರೀರಿ ಸಾರ್. ಮ, ಸ್ಪಷ್ಟ.”

ಬರೆದೆ. ಹನ್ನೊಂದು ವರ್ಷಗಳಿಂದ ಆ ಡೇಟಾಬೇಸನ್ನು ಬಲ್ಲೆ. ಅದು ಗಾತ್ರದಲ್ಲಿ ಹದಿನೆಂಟರಲ್ಲೇ ಅತ್ಯಂತ ಚಿಕ್ಕದು ಎಂಬುದಷ್ಟೇ ಅದರ ಬಗ್ಗೆ ಅದುವರೆಗೆ ನನಗೆ ಗೊತ್ತಿದ್ದ ಸಂಗತಿ.

ಸ್ಕ್ರಿಪ್ಟನ್ನು ಕಿತ್ತುಹಾಕಲಿಲ್ಲ, ತಿದ್ದಿದೆ. ಹೆಸರಿನ ಸುತ್ತ ಉದ್ಧರಣ ಚಿಹ್ನೆ ಹಾಕಿದರೆ ತೆರಪಿದ್ದರೂ ಅದು ಒಂದೇ ಹೆಸರಾಗಿ ಉಳಿಯುತ್ತದೆ. ಹೊಸ ಪ್ರತಿ ಸಿದ್ಧವಾಗದ ಹೊರತು ಹಳೆಯದನ್ನು ಮುಟ್ಟಕೂಡದು; ಎಷ್ಟಿವೆ, ಎಷ್ಟು ಮುಗಿದವು ಎಂದು ಎಣಿಸಿ, ಎರಡೂ ಸಮವಾದರೆ ಮಾತ್ರ ಕ್ಷೇಮವೆನ್ನಬೇಕು. ವೇದಕ್ಕ ಹೊಸ ಕಣ್ಣುಗಳೊಂದಿಗೆ ಮರಳುವ ದಿನ ಮಾತ್ರ ನನಗೆ ಅಳುಕಿತ್ತು. ಅವರ ಅಷ್ಟು ವರ್ಷಗಳ ಬೆಳಗುಗಳನ್ನು ನಾನು ಎರಡು ಪುಟಕ್ಕೆ ಇಳಿಸಿಬಿಟ್ಟಿದ್ದೆ. ಅವರು ಪರದೆಯ ಮೇಲೆ ಎರಡೂ ಪುಟಗಳನ್ನು ಸಾವಕಾಶವಾಗಿ ಓದಿದರು.

“ಶರಿಯಾಗೇ ಇದೆ. ಇ-ಮೇಲೇ ಬರ್ದೆ ಹೋದ್ರೆ?”

 ಆ ಪ್ರಶ್ನೆಯನ್ನೇ ಅವರು ತಮ್ಮ ಕೆಲಸವಾಗಿ ಮಾಡಿಕೊಂಡರು: ದಿನವೂ ಮೇಲ್ ಬಂತೇ ಎಂದು ನೋಡುವುದು, ಯಾವುದಾದರೊಂದು ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ನಿಜವಾಗಿ ತೆರೆದು ಓದುವುದು. ಅದಕ್ಕೆ ಅರ್ಧ ಗಂಟೆ ಸಾಕು. ಉಳಿದ ಸಮಯವನ್ನು ಗುರುವಾರಗಳಂದು ಅವರು ಕೇಂದ್ರಕ್ಕೆ ಕೊಡುತ್ತಾರೆ. ಟೀಚರ್ ಹೇಳುತ್ತಾರೆ, ವೇದಕ್ಕ ಟೈಪ್ ಮಾಡುತ್ತಾರೆ, ನಡುನಡುವೆ ಮಕ್ಕಳ ಜೊತೆ ಮಾತಾಡುತ್ತಾರೆ.

“ಮಕ್ಕಳಿಗೆ ನನ್ನ ತುಟಿ ಓದಕ್ಕೇ ಆಗಲ್ವಂತೆ ನರಹರಿ,” ಎಂದರು ಮೊದಲ ಗುರುವಾರ ಬಂದು. “ತುಂಬ ಸ್ಪೀಡಂತೆ. ಇಷ್ಟು ವರ್ಷ ನೀವ್ಯಾರೂ ಹೇಳ್ಲೇ ಇಲ್ಲ.”

ಈಗ ಅವರು ಕಚೇರಿಯಲ್ಲೂ ಎದುರಿಗಿದ್ದವರ ಮುಖ ನೋಡಿ, ಬಾಯಿ ಅಗಲಿಸಿ, ಒಂದೊಂದು ಪದವನ್ನೂ ಬಿಡಿಸಿ ಮಾತಾಡುತ್ತಾರೆ. ಮೇಡಮ್ಮಿಗೆ ತಮ್ಮ ಮೇಲೇನಾದರೂ ಕೋಪವೇ ಎಂದು ನಮ್ಮ ಮ್ಯಾನೇಜರು ನನ್ನನ್ನು ಏಕಾಂತಕ್ಕೆ ಕರೆದು ವಿಚಾರಿಸಿದರು. “ಕೋಪವೇನಿಲ್ಲ ಸಾರ್, ನಿಮಗೆ ಅರ್ಥವಾಗಲಿ ಅಂತ,” ಎಂದೆ.