ದೋರಿ ಬಿಡುವ ಸಾಬೇರಾ

ಮೂಲೆಯೊಂದರಿಂದ ಗೆರೆ ನೆಟ್ಟಗೆ ಕೆಳಗಿಳಿಯುತ್ತದೆ. ಸಾಬೇರಾ ಮೌಸ್ ಹಿಡಿದ ಕೈಯನ್ನು ಅಲ್ಲೇ ತಡೆದು ಗೋಡೆಯ ಕಡೆ ಕಿವಿಗೊಡುತ್ತಾರೆ. ಆಚೆ ಬದಿಯಲ್ಲಿ ಸದ್ದಿಲ್ಲ. ಇನ್ನೊಂದು ಗೆರೆ ಇಳಿಸುತ್ತಾರೆ, ಮತ್ತೊಂದು. ಪರದೆಯ ತುಂಬ ನೀಲಿ ಗೆರೆಗಳು ಮಗ್ಗದ ಹಾಸಿನಂತೆ ನಿಲ್ಲುತ್ತವೆ. ಕಿಟಕಿಯಾಚೆ ಈಗಷ್ಟೇ ಕತ್ತಲು ಸಡಿಲಾಗುತ್ತಿದೆ. ಶಹಾಪುರ ಬಸ್ ನಿಲ್ದಾಣದ ಕಡೆಯಿಂದ ಯಾದಗಿರಿ ಬಸ್ಸಿನ ಹಾರ್ನ್ ಕೇಳಿಸುತ್ತದೆ.

"ಇನ್ನ ಸ್ವಲ್ಪ ಹೊತ್ತಿಗೆ ಬಾಜೂಕ ಲೇಥ್ ಚಾಲೂ ಆಗಬೇಕಾಗಿತ್ರಿ" ಎನ್ನುತ್ತಾರೆ. "ಅದು ತಿರುಗಾಕತ್ತಿತಂದ್ರ ಕರೆಂಟ್ ಎಲ್ಲಾ ತಾನ ಎಳಕೊಂತದ, ನನ್ನ ಕಂಪ್ಯೂಟರ್ ಕಣ್ಣು ಮುಚ್ಚತದ. ಅದಕ್ಕ ನಸುಕಿನ್ಯಾಗ ಬಂದು ಮುಗಿಸೋದು ರೂಢಿ. ಈಗ ಲೇಥ್ ಬಂದ್ ಆಗ್ಯಾದ. ರೂಢಿ ಬಂದ್ ಆಗವಲ್ದು."

ಅಂಬ್ರಪ್ಪ ಎಂಬವರ ವರ್ಕ್‌ಶಾಪಿನ ಹಿಂದಿನ ಕೋಣೆ ಇದು. ಬೇಳೆ ಮಿಲ್ಲು, ಭತ್ತದ ಮಿಲ್ಲು, ಹತ್ತಿ ಬಿಡಿಸುವ ಜಿನ್ನುಗಳಿಂದ ಮುರಿದ ಬಿಡಿಭಾಗಗಳು ಗೋಣಿಚೀಲದಲ್ಲಿ ಇಲ್ಲಿಗೆ ಬರುತ್ತವೆ. ಎಷ್ಟೋ ಯಂತ್ರಗಳನ್ನು ಮಾಡಿದ ಕಾರ್ಖಾನೆಗಳೇ ಮುಚ್ಚಿಹೋಗಿವೆ. ಹೊಸ ಭಾಗ ಅಂಗಡಿಯಲ್ಲಿ ಸಿಗುವುದಿಲ್ಲ, ಮಾಡಿಯೇ ಹಾಕಬೇಕು. ಮಾಡಬೇಕೆಂದರೆ ಮೊದಲು ಬರೆಯಬೇಕು. ಮುರಿದ ತುಂಡುಗಳನ್ನು ಜೋಡಿಸಿ ಅಳೆದು, ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಅದು ಹೇಗೆ ಕಾಣುತ್ತದೆಂದು ಬರೆಯುವವರು ಸಾಬೇರಾ. ದಿನಕ್ಕೆ ಎರಡು ಹಾಳೆ, ತುಂಡು ಸಣ್ಣದಿದ್ದರೆ ಮೂರು.

ಮುಂದಿನ ನೋಟ ಬರೆದ ಮೇಲೆ ಅದರ ಪ್ರತಿ ಮೂಲೆಯಿಂದ, ಪ್ರತಿ ತೂತಿನ ಅಂಚಿನಿಂದ ಕೆಳಗೊಂದು, ಪಕ್ಕಕ್ಕೊಂದು ಗೆರೆ ಎಳೆಯುತ್ತಾರೆ. ಉಳಿದೆರಡು ನೋಟಗಳು ಆ ಗೆರೆಗಳ ಮೇಲೆಯೇ ಹುಟ್ಟಬೇಕು. ಪುಸ್ತಕದಲ್ಲಿ ಇದಕ್ಕೆ ಪ್ರೊಜೆಕ್ಷನ್ ಲೈನ್ ಎಂದು ಹೆಸರು. ಸಾಬೇರಾ ಇದನ್ನು ದೋರಿ ಎನ್ನುತ್ತಾರೆ. ಮನೆಯ ದಖನಿ ಮಾತಿನಲ್ಲಿ ದಾರಕ್ಕೆ ಹಾಗೆನ್ನುತ್ತಾರೆ.

"ಮೂರೂ ನೋಟ ಒಂದ ಸಾಮಾನಿನ ಮಾತಾಡಬೇಕ್ರಿ. ದೋರಿ ಬಿಡಲಿಲ್ಲಂದ್ರ ಮೂರು ಸಾಕ್ಷಿ ಮೂರು ಕಥಿ ಹೇಳಿಧಂಗ. ನಮ್ಮೂರ ಗುಡ್ಡ ನೋಡ್ರಿ, ಒಂದ ಕಡಿಂದ ನೋಡಿದ್ರ ಮನುಷ್ಯಾ ಮಲಗ್ಯಾನ. ಇನ್ನೊಂದ ಕಡಿಂದ ಬರೇ ಕಲ್ಲು. ಯಾವುದು ಖರೆ ಅಂತೀರಿ? ಎರಡೂ ಖರೆ."

ಹಾಳೆ ಮುದ್ರಿಸುವ ಮೊದಲು ದೋರಿಗಳನ್ನು ಮರೆಮಾಡಬೇಕು. ಒಂದು ಗುಂಡಿ ಒತ್ತಿದರೆ ಇಡೀ ಬೆಳಗಿನ ಕೆಲಸ ಪರದೆಯಿಂದ ಹೋಗುತ್ತದೆ. ಅವರು ಅದನ್ನು ತಿರುಗಿ ನೋಡದೆ ಒತ್ತುತ್ತಾರೆ.

ಸಾಬೇರಾ ಹುಟ್ಟಿದ್ದು ದೋರನಹಳ್ಳಿಯಲ್ಲಿ. ತಂದೆ ಬಾಷುಮಿಯಾ ಲಾರಿಗಳ ಹಿಂದೆ ಹೂ ಮತ್ತು ಹದ್ದು ಬರೆಯುತ್ತಿದ್ದವರು. ಮಗಳ ಕೈಗೆ ಗೆರೆ ಕಲಿಸಿದ್ದೇ ಅವರು. ಯಾದಗಿರಿಯಲ್ಲಿ ಡ್ರಾಫ್ಟ್ಸ್‌ಮನ್ ತರಬೇತಿಗೆ ಸೇರಿದಾಗ ತರಗತಿಗೆ ಒಬ್ಬಳೇ ಹುಡುಗಿ. ಮದುವೆಯಾದ ಮೇಲೆ ಐದಾರು ವರ್ಷ ಕೆಲಸವಿಲ್ಲ. ಗಂಡ ಫಿರೋಜ್ ಪುಣೆಗೆ ದುಡಿಯಲು ಹೋಗಿ, ಮೊದಲು ಬರುವುದನ್ನು ಕಡಿಮೆ ಮಾಡಿ, ಆಮೇಲೆ ಫೋನ್ ಮಾಡುವುದನ್ನೂ ಬಿಟ್ಟ ಬಳಿಕ ಈ ಕೋಣೆಗೆ ಬಂದರು. ಮಗಳು ಗುಡ್ಡಿ ಈ ವರ್ಷ ಪಿಯುಸಿ.

ಗೋಡೆಯಾಚೆಗಿನ, ಕಬ್ಬಿಣ ಕಡೆಯುವ ಲೇಥ್ ಹಾಶಿಮ ಅವರದು. ಒಡೆತನ ಅಂಬ್ರಪ್ಪನವರದು, ಆದರೆ ಊರಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಹಾಶಿಮ ಮದರಸಾದಲ್ಲಿ ಕಲಿತದ್ದು ಉರ್ದು ಅಕ್ಷರ ಮಾತ್ರ. ಕಾಗದ ಯಾವುದೇ ಇರಲಿ, ಅವರ ಕಣ್ಣು ಬಲಗಡೆಯಿಂದ ಹೊರಡುತ್ತದೆ. ಸಾಬೇರಾ ಬಂದ ಹೊಸದರಲ್ಲಿ ಹಾಳೆಯ ಎಡಕ್ಕೆ ಮುಂದಿನ ನೋಟ, ಬಲಕ್ಕೆ ಪಕ್ಕದ ನೋಟ ಇಟ್ಟು ಕೊಟ್ಟರೆ, ಹಾಶಿಮ ಪಕ್ಕದ್ದನ್ನೇ ಮುಂದಿನದೆಂದು ತಿಳಿದು ಕಬ್ಬಿಣ ಕೆಡಿಸುತ್ತಿದ್ದರು.

"ಬೇಟಿ, ನಿಮ್ಮ ಕನ್ನಡ ಉಲ್ಟಾ ಓಡತದ, ಅದಕ್ಕ ನಾ ಏನ್ ಮಾಡ್ಲಿ ಅಂತಿದ್ರು" ಎಂದು ಸಾಬೇರಾ ನಗುತ್ತಾರೆ. ಬೆಳಗಿನಿಂದ ಇದೊಂದೇ ನಗು.

ಆಗ ಅವರು ಹಾಳೆಯನ್ನೇ ತಿರುಗಿಸಿದರು. ಮುಂದಿನ ನೋಟ ಬಲಕ್ಕೆ. ಅದರ ಎಡಕ್ಕೆ, ವಸ್ತುವನ್ನು ಬಲಗಡೆಯಿಂದ ನೋಡಿದರೆ ಕಾಣುವ ಚಿತ್ರ. ತರಬೇತಿಯಲ್ಲಿ ಕಲಿತ ಪದ್ಧತಿಯಲ್ಲಿ ಇದಕ್ಕೆ ಜಾಗವಿದೆ, ತಪ್ಪಲ್ಲ. ಅಂದಿನಿಂದ ಶಹಾಪುರ, ಸುರಪುರದ ಮಿಲ್ಲುಗಳ ಮುರಿದ ಕಬ್ಬಿಣವೆಲ್ಲ ಈ ಕೋಣೆಯಲ್ಲಿ ಬಲದಿಂದ ಎಡಕ್ಕೆ ಓದಿಸಿಕೊಂಡಿದೆ.

ಕೆಟ್ಟದ್ದು ಶುರುವಾದದ್ದು ಅಂಬ್ರಪ್ಪನವರು ಯಾದಗಿರಿಯ ಕಂಪನಿಯೊಂದರಿಂದ ಕೆಲಸ ಹಿಡಿದ ಮೇಲೆ. ಸಾಬೇರಾ ಬರೆದದ್ದು ಮೊದಲು ಅಲ್ಲಿಗೆ ಹೋಗಿ, ಅಲ್ಲಿನ ಕಂಪ್ಯೂಟರಿನಲ್ಲಿ ಹೊಸ ಹಾಳೆಯಾಗಿ, ನೇರ ಹಾಶಿಮ ಅವರ ಕೈಗೆ ಬರತೊಡಗಿತು. ಅಲ್ಲಿನ ಯಂತ್ರ ಬೇರೆ ಪದ್ಧತಿಯದು. ಅದರಲ್ಲಿ ಎಡಕ್ಕಿರುವ ಚಿತ್ರವೆಂದರೆ ಎಡಗಡೆಯಿಂದ ನೋಡಿದ್ದು. ಚಿತ್ರಗಳು ಕೂತದ್ದು ಹಳೆಯ ಜಾಗದಲ್ಲೇ, ಅರ್ಥ ಮಾತ್ರ ಕನ್ನಡಿಯೊಳಗಿನದು. ಪದ್ಧತಿ ಬದಲಾಗಿದೆ ಎನ್ನಲು ಮೂಲೆಯಲ್ಲಿ ಉಗುರಿನಷ್ಟು ಗುರುತು ಇರುತ್ತದೆ: ತುದಿ ಕತ್ತರಿಸಿದ ಆಲಿಕೆ, ಪಕ್ಕದಲ್ಲಿ ವೃತ್ತದೊಳಗೊಂದು ವೃತ್ತ. ಅವೆರಡೂ ಜಾಗ ಅದಲುಬದಲು ಮಾಡಿಕೊಂಡಿದ್ದವು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಬೇಳೆ ಮಿಲ್ಲಿನ ಜರಡಿ ಅಲ್ಲಾಡಿಸುವ ತೋಳುಗಳವು. ತುದಿಯಲ್ಲೊಂದು ಕಿವಿ, ಅಂದರೆ ತೂತಿರುವ ಸಣ್ಣ ಪಟ್ಟಿ, ಬೆಸೆಯಬೇಕು. ಮುಂದಿನಿಂದ ನೋಡಿದರೆ ಕಿವಿ ಈಚೆಗಿದೆಯೋ ಆಚೆಗಿದೆಯೋ ತಿಳಿಯದು, ಪಕ್ಕದ ಚಿತ್ರವೇ ಹೇಳಬೇಕು. ಹಾಶಿಮ ಇಷ್ಟು ವರ್ಷ ಓದಿದ ಹಾಗೆಯೇ, ಎಡಕ್ಕಿದ್ದದ್ದು ಬಲಗಡೆಯಿಂದ ಕಂಡದ್ದೆಂದು ಓದಿದರು. ಈಚೆಗಿರಬೇಕಾದ ಕಿವಿಗಳೆಲ್ಲ ಆಚೆ ಬದಿಗೆ ಕೂತವು. ಮಿಲ್ಲಿನವರು ಒಂದನ್ನೂ ಇಟ್ಟುಕೊಳ್ಳಲಿಲ್ಲ. ಈಗ ಅಂಗಳದ ಬೇವಿನ ಬುಡದಲ್ಲಿ ಅವು ರಾಶಿಯಾಗಿ ಬಿದ್ದು ಕೆಂಪಗಾಗುತ್ತಿವೆ. ಹಾಶಿಮ ಅವರಿಗೆ ಅಂಬ್ರಪ್ಪ ಕೆಲಸಕ್ಕೆ ಬರಬೇಡಿ ಎಂದಿದ್ದಾರೆ.

ಆದರೂ ಅವರು ಬರುತ್ತಾರೆ. ಬೆಳಕು ಹರಿದಾಗ ರಸ್ತೆಯಾಚೆಯ ಚಹಾ ಅಂಗಡಿಯ ಹಲಗೆಯ ಮೇಲೆ ಕೂತಿದ್ದಾರೆ. ಗೇಟು ದಾಟುವುದಿಲ್ಲ. ಸಾಬೇರಾ ಕಿಟಕಿಯಲ್ಲಿ ಕಂಡರೆ ಲೋಟ ಎತ್ತಿ ತೋರಿಸುತ್ತಾರೆ.

"ದೋರನಹಳ್ಳಿ ಹುಡುಗಿ ದೋರಿ ಬಿಡಾಕ ಹುಟ್ಟ್ಯಾಳ, ನಾ ಹರಿಯಾಕ ಹುಟ್ಟೇನಿ" ಎನ್ನುತ್ತಾರೆ ಹಾಶಿಮ, ಹತ್ತಿರ ಹೋಗಿ ಮಾತಾಡಿಸಿದರೆ. ಆಮೇಲೆ ಸ್ವರ ಇಳಿಸಿ, "ಆಕಿಗಿ ಹೇಳ್ರಿ, ತಪ್ಪು ನನ್ನ ಮ್ಯಾಲ ಹಾಕಿಬಿಡು ಅಂತ. ನಂದು ಮುಗದದ. ಆಕಿ ಮಗಳು ಓದಾಕತ್ಯಾಳ" ಎನ್ನುತ್ತಾರೆ.

ಈ ಮಾತು ತಲುಪಿಸಿದಾಗ ಸಾಬೇರಾ ಪರದೆಯಿಂದ ಕಣ್ಣು ತೆಗೆಯುವುದಿಲ್ಲ. "ನಿನ್ನೀನೂ ಹೇಳಿ ಕಳಸ್ಯಾರ" ಎನ್ನುತ್ತಾರೆ.

ಹತ್ತರ ಹೊತ್ತಿಗೆ ಕಂಪನಿಯ ಮ್ಯಾನೇಜರ್ ರಾಮಲಿಂಗ ಬರುತ್ತಾರೆ, ಹಿಂದೆ ಅಂಬ್ರಪ್ಪ. ರಾಮಲಿಂಗ ಕೆಟ್ಟ ಮನುಷ್ಯರೇನಲ್ಲ. ಕುರ್ಚಿ ಕೊಟ್ಟರೂ ನಿಂತೇ ಮಾತಾಡುತ್ತಾರೆ.

"ಅಕ್ಕಾರ, ಈ ಕ್ವಾಣಿ ಇನ್ನ ನಡ್ಯಂಗಿಲ್ರಿ. ಮುರದ ಸಾಮಾನು ಸ್ಕ್ಯಾನಿಗಿ ಇಟ್ರ ಮೂರೂ ನೋಟ ತಾವ ಬರ್ತಾವ. ದೋರಿಗೀರಿ ಯಾರಿಗೂ ಬ್ಯಾಡ. ಬಂದಿದ್ದು ಚೆಕ್ ಮಾಡಾಕ ಒಬ್ಬರು ಬೇಕು. ಯಾದಗಿರಿ ಆಫೀಸಿಗಿ ಬರ್ರಿ, ತಿಂಗಳಾ ಪಗಾರ. ಮಗಳ ಕಾಲೇಜೂ ಅಲ್ಲೇ ಆಗ್ತದ."

"ನಾ ಏನ್ ಮಾಡಬೇಕ್ರಿ?"

"ನಾಳಿ ಯಾದಗಿರ್ಯಾಗ ನಮ್ಮ ಕಂಪನಿ ಮಾಲಕರು ಕೇಳ್ತಾರ. ಹಾಳಿ ಬರೋಬ್ಬರಿ ಇತ್ತು, ಹಾಶಿಮ ಉಲ್ಟಾ ಓದ್ಯಾನ ಅನ್ರಿ. ಒಂದ ಮಾತು."

"ಒಪ್ಪಿಕೋ ತಾಯಿ" ಎನ್ನುತ್ತಾರೆ ಅಂಬ್ರಪ್ಪ. "ನೀ ಏನಂದ್ರೂ ಅಂವ ತಿರುಗಿ ಬರಂಗಿಲ್ಲ. ಲೇಥ್ ಮಾರಾಕ ಹೇಳೀನಿ. ನೀನರ ಉಳಕೋ."

"ಗೊತ್ತದ್ರಿ, ಬರಂಗಿಲ್ಲ ಅಂತ."

ಪರದೆಯ ಮೇಲೆ ಬೆಳಗಿನ ಹಾಳೆ ಹಾಗೇ ಇದೆ. ಆ ತುಂಡು ಮಾಡಲು ಕೊಟ್ಟಿದ್ದ ಮಿಲ್ಲಿನವರು ಈಗ ಬೇರೆ ಕಡೆ ಮಾಡಿಸಿಕೊಂಡಿದ್ದಾರೆಂದು ಅಂಬ್ರಪ್ಪ ಬಾಗಿಲಲ್ಲೇ ಹೇಳಿಯಾಗಿದೆ. ಸಾಬೇರಾ ಗುಂಡಿ ಒತ್ತುತ್ತಾರೆ. ದೋರಿಗಳು ಹೋಗಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ಮೂರು ಚಿತ್ರಗಳು ಉಳಿಯುತ್ತವೆ.

"ಮತ್ತ, ನಾಳಿ ಬರ್ತೀರಲ್ಲ?" ಎನ್ನುತ್ತಾರೆ ರಾಮಲಿಂಗ.

"ಬರಂಗಿಲ್ರಿ."