ಕ್ವಾರಿಯಲ್ಲಿ ಕಡಲ ಮೀನಿನ ಪಾಠ

"ಮುರು ಕಚ್ಚಿದ ಮೇಲೆ ಮೊದಲ ಎರಡು ಮೊಳ ದಾರ ನಮ್ಮದು, ಆಮೇಲಿನದ್ದೆಲ್ಲ ಅದರದ್ದು," ಎನ್ನುತ್ತಿದ್ದಳು ಅತ್ತಿಗೆ.

ಮುರು ಅವಳ ಕಡಲಿನ ಮೀನು. ದೊಡ್ಡ ಬಾಯಿ, ದಪ್ಪ ತುಟಿ, ದಡದ ಹತ್ತಿರದ ಬಂಡೆಗಳ ಸಂದಿನಲ್ಲಿ ವಾಸ. ಗಾಳ ನುಂಗಿದ ಕೂಡಲೇ ತಿರುಗಿ ಸಂದಿಗೆ ನುಗ್ಗಿ, ಕಿವಿರು ಅಗಲಿಸಿ ಬೆಣೆಯ ಹಾಗೆ ಕೂತುಬಿಡುತ್ತದಂತೆ. ಅವಳ ಅಪ್ಪ ಅದನ್ನು ಕೋಲಿಲ್ಲದೆ ಹಿಡಿಯುತ್ತಿದ್ದರು. ದಪ್ಪ ನೈಲಾನ್ ದಾರ, ಸೀಸದ ಗುಂಡು, ಜೀವವಿರುವ ಸಣ್ಣ ಮೀನು, ಅಂಗೈಗೆ ಸುತ್ತಿದ ಬಟ್ಟೆ, ಇಷ್ಟೇ ಅವರ ಸಾಮಾನು.

ನಾವಿದ್ದದ್ದು ಪೀಣ್ಯದಲ್ಲಿ. ನಮ್ಮ ರಾಗಿ ಹೊಲದ ಅಂಚಿಗೇ ಕಾರ್ಖಾನೆಗಳ ಶೆಡ್ಡುಗಳು ಎದ್ದಿದ್ದ ಕಾಲ. ಅಣ್ಣ ಫಿಟ್ಟರ್. ಜೊತೆಯಲ್ಲಿ ದುಡಿಯುತ್ತಿದ್ದ ಮಂಗಳೂರು ಕಡೆಯ ಗೆಳೆಯನ ತಂಗಿಯನ್ನೇ ಮದುವೆಯಾಗಿದ್ದ. ಅವನ ತಂಗಿ ನಾನು, ಟ್ರಾನ್ಸ್‌ಫಾರ್ಮರ್ ಮಾಡುವ ಒಂದು ಸಣ್ಣ ಶೆಡ್ಡಿನಲ್ಲಿ ತಾಮ್ರದ ತಂತಿಯ ಕಾಯಿಲ್ ಸುತ್ತುತ್ತಿದ್ದೆ.

ಅತ್ತಿಗೆ ಬಸುರಿಯಾದಳು. ಉಂಡದ್ದೆಲ್ಲ ವಾಂತಿ. ಮುದ್ದೆ ಕಂಡರೆ ಮುಖ ತಿರುಗಿಸುತ್ತಿದ್ದಳು, ಕತ್ತಿನ ಎಲುಬು ಎದ್ದು ಕಾಣತೊಡಗಿತ್ತು. ಅವಳು ಕೇಳಿದ್ದು ಒಂದೇ, ಮುರು ತಲೆಯ ಸಾರು. ಅಣ್ಣ ಪೇಟೆಯಿಂದ ಐಸಿನಲ್ಲಿಟ್ಟ ಕಡಲ ಮೀನು ತಂದ. ಅವಳು ಮೂಸಿ ನೋಡಿ, "ಇದು ಸತ್ತು ವಾರ ಆಯ್ತು ಮಾರಾಯ್ರೆ," ಎಂದಳು.

"ಬಸ್ರಿ ಬಯ್ಕೆ ತೀರ್ಸ್ದಿದ್ರೆ ಮಗೀನ ಕಿವಿ ಸೋರ್ತದೆ," ಎಂದು ಅಮ್ಮ ಅಣ್ಣನನ್ನು ಗದರಿಸಿದಳು. ನನಗೆ ಮಗುವಿನ ಕಿವಿಗಿಂತ ಅತ್ತಿಗೆಯ ಕತ್ತಿನ ಚಿಂತೆ.

ಮಾದನಾಯಕನಹಳ್ಳಿ ದಿಕ್ಕಿಗೆ ಬಿಟ್ಟುಹೋದ ಒಂದು ಕಲ್ಲು ಕ್ವಾರಿ ಇತ್ತು. ಸಿಡಿಸಿದ ಬಂಡೆಗಳ ನಡುವೆ ನೀರು ನಿಂತಿತ್ತು, ಅದರಲ್ಲೊಂದು ದೊಡ್ಡ ಕೊರವ ಮೀನು, ಮುರು ಅಲ್ಲದಿದ್ದರೂ ಜೀವವಿರುವ ಮೀನು. ಅಣ್ಣನ ಗಾಳಗಳನ್ನು ಅದು ಆಗಲೇ ಕಿತ್ತುಕೊಂಡು ಹೋಗಿತ್ತು. ಒಂದು ಭಾನುವಾರ ಅತ್ತಿಗೆ ತಾನೂ ಬರುತ್ತೇನೆಂದು ಹಟ ಹಿಡಿದಳು. ಆ ದಿನದ ಆಕಾಶ ಹೇಗಿತ್ತೆಂದು ಬರೆಯಲು ಕೈ ತುರಿಸುತ್ತದೆ. ನಾನು ಆಕಾಶ ನೋಡಿರಲಿಲ್ಲ. ಅವಳು ಎಲ್ಲಿ ಜಾರುತ್ತಾಳೋ ಎಂದು ಅವಳ ಕಾಲನ್ನೇ ನೋಡುತ್ತಿದ್ದೆ.

ಬಂಡೆಗಳನ್ನು ಕಂಡು ಅವಳು, "ಇದು ನಮ್ಮ ಕಡಲಿನ ಹಾಗೇ ಉಂಟಲ್ಲ! ನೀವು ದೂರ ಎಸೆಯುದು ಯಾಕೆ? ಅದರ ಮನೆ ಬಾಗಿಲಿಗೇ ಇಳಿಸಿ," ಎಂದಳು.

ಅಣ್ಣ ಗಾಳಕ್ಕೆ ಕಪ್ಪೆಮರಿ ಸಿಕ್ಕಿಸಿ ಸಂದಿನ ಬಾಯಿಗೆ ಇಳಿಸಿದ. ಕಚ್ಚಿತು. ಕೈ ಓಡಬೇಕಾದಲ್ಲಿ ಅವನ ಬಾಯಿ ಓಡಿತು. "ಬಂತು, ಬಂತು!" ಎನ್ನುವಷ್ಟರಲ್ಲಿ ಮೊದಲ ಎರಡು ಮೊಳ ಮೀನಿನ ಪಾಲಾಗಿತ್ತು. ಸಂದಿಗೆ ಹೊಕ್ಕು ಕೂತಿತು. ಅವನು ಕಾಲು ಊರಿ ಜಗ್ಗತೊಡಗಿದ.

"ಜಗ್ಗಬೇಡಿ! ಸಡಿಲ ಬಿಡಿ!"

"ಬಿಟ್ರೆ ಹೋಗ್ಬಿಡ್ತದೆ ಕಣೇ!"

"ಹೋಗುದಿಲ್ಲ. ಎಳೆಯುವವರು ಹೋದ್ರು ಅಂತ ಅದಕ್ಕೆ ಅನಿಸ್ಬೇಕು. ದಾರ ತಂಗಿ ಕೈಗೆ ಕೊಡಿ."

"ಇವ್ಳೇನ್ ಮಾಡ್ತಾಳೆ? ಮೀನಿಗೂ ಕಾಯಿಲ್ ಸುತ್ತಾಳಾ?"

ಆದರೂ ಕೊಟ್ಟ. ಸೆರಗನ್ನು ಅಂಗೈಗೆ ಸುತ್ತಿಕೊಂಡು ದಾರವನ್ನು ಸಡಿಲಿಸಿದೆ, ಅದರ ಭಾರ ಮಾತ್ರ ತೋರುಬೆರಳಿನ ತುದಿಯಲ್ಲಿ ಉಳಿಯುವಷ್ಟು. ಕೂದಲಿನಂಥ ತಾಮ್ರದ ತಂತಿಯನ್ನು ದಿನವಿಡೀ ತಡೆದು ಬಿಡುವ ಬೆರಳು ಅದು. ಬಿಗಿಯಾದರೆ ತಂತಿ ಕಡಿಯುತ್ತದೆ, ಸಡಿಲವಾದರೆ ಸಿಕ್ಕಾಗುತ್ತದೆ.

ಎಷ್ಟು ಹೊತ್ತು ಹಾಗೆ ಕೂತೆನೋ. ಅಣ್ಣ ಈಗಲೂ ಒಂದು ಗಂಟೆ ಎನ್ನುತ್ತಾನೆ, ಅತ್ತಿಗೆ ಒಂದು ಎಲೆ ಅಡಿಕೆ ಜಗಿಯುವಷ್ಟು ಎನ್ನುತ್ತಾಳೆ. ಇಬ್ಬರನ್ನೂ ನಾನು ನಂಬುವುದಿಲ್ಲ, ನನ್ನನ್ನೂ. ಮೀನು ನಿಜವಾಗಿ ಕಿವಿರು ಅಗಲಿಸಿ ಕೂತಿತ್ತೋ, ದಾರ ಕಲ್ಲಿಗೆ ಸಿಕ್ಕಿತ್ತೋ, ಅದೂ ಗೊತ್ತಿಲ್ಲ. ಬೆರಳು ಮಾತ್ರ ಸುಳ್ಳು ಹೇಳಲಿಲ್ಲ. ದಾರ ಮೆಲ್ಲಗೆ ಪಕ್ಕಕ್ಕೆ ಸರಿಯಿತು.

"ಬಂತು ಹೊರಗೆ," ಎಂದೆ.

"ಓಡು ಮಾರಾಯ್ತಿ!"

ದಾರವನ್ನು ಹೆಗಲ ಮೇಲೆ ಎಳೆದುಕೊಂಡು, ನೀರಿಗೆ ಬೆನ್ನು ಮಾಡಿ, ಜಲ್ಲಿಯ ಮೇಲೆ ಓಡಿದೆ. ಹೆಗಲು ಉರಿಯಿತು, ಒಂದು ಚಪ್ಪಲಿ ಕಿತ್ತುಹೋಯಿತು. ಹಿಂದೆ ಧಪ್ಪೆಂದು ಸದ್ದು. ತಿರುಗಿ ನೋಡಿದರೆ ತೋಳುದ್ದದ ಕೊರವ ಬಂಡೆಯ ಮೇಲೆ ಚಡಪಡಿಸುತ್ತಿತ್ತು. ಅಣ್ಣ ಅಂಗಿ ಬಿಚ್ಚಿ ಅದರ ಮೇಲೆ ಬೋರಲು ಬಿದ್ದಿದ್ದ. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, "ಅದನ್ನು ಹಿಡೀರಿ, ತಬ್ಬಿಕೊಳ್ಳುದಲ್ಲ!"

ಸಾರು ಅವಳೇ ಮಾಡಿದಳು, ತೆಂಗಿನಕಾಯಿ ಅರೆದು, ಹುಣಿಸೆ ಹಿಂಡಿ, ಅವಳ ಊರಿನ ರೀತಿಯಲ್ಲಿ. ತಲೆಯನ್ನು ತಟ್ಟೆಗೆ ಹಾಕಿಕೊಂಡು ಉಂಡಳು. ಇನ್ನೊಮ್ಮೆ ಅನ್ನ ಹಾಕಿಸಿಕೊಂಡಳು. ಅಮ್ಮ, ಅಣ್ಣ, ನಾನು ಕೈ ತಡೆದು ಅವಳ ಗಂಟಲನ್ನೇ ನೋಡುತ್ತಿದ್ದೆವು. ಅಮ್ಮ ಪಕ್ಕದಲ್ಲಿ ಬಕೆಟ್ಟನ್ನೂ ಇಟ್ಟುಕೊಂಡಿದ್ದಳು. ಅದು ಬೇಕಾಗಲಿಲ್ಲ.

ಕೊನೆಯ ಮುಳ್ಳು ಚೀಪಿ ಅತ್ತಿಗೆ ತೀರ್ಪು ಕೊಟ್ಟಳು. "ಮುರು ಅಲ್ಲ ಇದು. ಮುರುವಿನ ಹತ್ತಿರವೂ ಇಲ್ಲ." ಆಮೇಲೆ ತಟ್ಟೆಯನ್ನು ಬೆರಳಿನಿಂದ ಬಳಿಯುತ್ತಾ ನನ್ನ ಕಡೆ ತಿರುಗಿದಳು.

"ಆ ಗುಂಡಿಯಲ್ಲಿ ಇನ್ನೊಂದು ಉಂಟಾ?"